ಹೆರಾಲ್ಡಿನ ಸೀಟು ಮಡಚುವುದಿಲ್ಲ: ತುಕ್ಕು ಹಿಡಿದ ಬಿಜಾಗ್ರಿ ಬಿಡಿಸುವುದು ಹೇಗೆ?

(ದೃಶ್ಯ: ಬದಿಯಡ್ಕದ ಹತ್ತಿರ ಒಂದು ತೋಟದ ಮನೆ. ಅಡಿಕೆ ಅಂಗಳದ ಪಕ್ಕದ ಶೆಡ್ಡು. ಒಳಗೆ ಧೂಳು ಹಿಡಿದ ಸ್ಟ್ಯಾಂಡರ್ಡ್ ಹೆರಾಲ್ಡ್. ಒಂದು ಕೈ ಸೀಟನ್ನು ಎಳೆಯುತ್ತದೆ. ಸೀಟು ಅಲ್ಲಾಡುವುದಿಲ್ಲ, ಕಾರೇ ಅಲ್ಲಾಡುತ್ತದೆ.)

ನಮಸ್ಕಾರ. ನೋಡಿದಿರಲ್ವಾ? ನಾನು ಎಳೆದದ್ದು ಸೀಟನ್ನು, ಬಂದದ್ದು ಇಡೀ ಕಾರು.

ಇದು ನನ್ನ ಮಾವನ ಕಾರು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಲ್ಲಿ ಇಲ್ಲಿ ಹೆರಾಲ್ಡ್ ಮಾಡಲು ಶುರು ಮಾಡಿತು. ಅದರ ರೂಪಕ್ಕೆ ಗೆರೆ ಹಾಕಿದ್ದು ಇಟಲಿಯ ಕಾರು ವಿನ್ಯಾಸಕಾರ ಮಿಕೆಲೋಟಿ. ನಾಲ್ಕು ಬಾಗಿಲಿನದ್ದು ಆಮೇಲೆ ಬಂತು, ಇದು ಎರಡು ಬಾಗಿಲಿನದ್ದು. ಹಾಗಾಗಿ ಮುಂದಿನ ಸೀಟು ಮುಂದಕ್ಕೆ ಬಗ್ಗದಿದ್ದರೆ ಹಿಂದೆ ಕೂರುವ ಹಾಗೇ ಇಲ್ಲ. ಕಿಟಕಿಯಿಂದ ನುಗ್ಗಬೇಕು.

(ಕ್ಯಾಮೆರಾ ಕೆಳಗೆ, ಸೀಟಿನ ಬುಡಕ್ಕೆ. ಟಾರ್ಚ್ ಬೆಳಕು.)

ಹತ್ತಿರದಿಂದ ತೋರಿಸ್ತೇನೆ. ದಪ್ಪ ತಗಡಿನ ಎರಡು ಕಿವಿ, ನಡುವೆ ಒಂದು ಪಿನ್ನು. ಬಿಜಾಗ್ರಿ ಅಂದರೆ ಇಷ್ಟೇ. ಪಿನ್ನಿಗೂ ತೂತಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಮೂರು ಪಟ್ಟು ಜಾಗ ತಿನ್ನುತ್ತದೆ. ಆ ಕೂದಲೆಳೆ ಜಾಗವೂ ತುಂಬಿಹೋಗುತ್ತದೆ. ಪಿನ್ನಿಗೆ ಯಾರೋ ಆಪು ಬಡಿದ ಹಾಗೆ.

ನಮ್ಮ ಕಾಸರಗೋಡಿನಲ್ಲಿ ತುಕ್ಕಿಗೆ ಕಾರಣ ಹುಡುಕಬೇಕಾಗಿಲ್ಲ. ಒಂದು ಕಡೆ ಕಡಲಿನ ಉಪ್ಪುಗಾಳಿ, ಮತ್ತೊಂದು ಕಡೆ ನಾಲ್ಕು ತಿಂಗಳ ಮಳೆ. ಆದರೆ ಇಲ್ಲಿ ನನಗೊಂದು ಅನುಮಾನ ಬಂತು. ಬಲಗಡೆ ಸೀಟು ಕಷ್ಟಪಟ್ಟಾದರೂ ಬಗ್ಗುತ್ತದೆ. ಎಡಗಡೆಯದ್ದು ಮಾತ್ರ ಕಲ್ಲು. ಒಂದೇ ಕಾರು, ಒಂದೇ ಶೆಡ್ಡು. ಮತ್ತೆ ಇದೇನು?

(ಎಡ ಬಿಜಾಗ್ರಿಯ ಮೇಲೆ ಉಗುರಿನಿಂದ ಕೆರೆದು ತೋರಿಸುವುದು.)

ಈ ಬಣ್ಣ ನೋಡಿ. ಮೇಲೆ ಕಂದು ತುಕ್ಕು. ಅದರ ಅಡಿಯಲ್ಲಿ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪು. ಮಾವನನ್ನು ಕೇಳಿದೆ. "ಮೈಲುತುತ್ತು ತರ್ತಾ ಇದ್ದದ್ದು ಅದ್ರಲ್ಲೇ ಅಲ್ವಾ ಮಾರಾಯ" ಅಂದರು.

ಅಡಿಕೆ ತೋಟದವರಿಗೆ ಇನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್, ಅದನ್ನು ಸುಣ್ಣದ ಜೊತೆ ನೀರಿನಲ್ಲಿ ಕಲಸಿದರೆ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಮೊದಲು ಅದಕ್ಕೆ ಕತ್ತಿ ಅದ್ದಿ ನೋಡುತ್ತೇವಲ್ಲ? ಅಲಗು ಕೆಂಪಾದರೆ ಸುಣ್ಣ ಸಾಕಾಗಲಿಲ್ಲ ಅಂತ ಲೆಕ್ಕ. ಇಲ್ಲಿ ಆದದ್ದೂ ಅದೇ. ಚೀಲದಿಂದ ಉದುರಿದ ಹರಳು ಮಳೆಗಾಲದ ಪಸೆಗೆ ಕರಗಿದೆ. ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿದೆ, ಕಬ್ಬಿಣ ಕರಗಿ ಹೋಗಿದೆ. ಇಲ್ಲಿ ಸುಣ್ಣ ಹಾಕುವವರು ಯಾರೂ ಇರಲಿಲ್ಲ, ಅಷ್ಟೇ. ನಿಮ್ಮ ಹಳೇ ಜೀಪು, ಅಂಬಾಸಿಡರಿನಲ್ಲೂ ಮೈಲುತುತ್ತು ಬಂದಿದ್ದರೆ ಕಾಲಡಿಯ ಮ್ಯಾಟು ಎತ್ತಿ ಒಮ್ಮೆ ನೋಡಿ.

(ದೃಶ್ಯ: ಕೆಲಸ ಶುರು.)

ಮೊದಲು ಸೀಟನ್ನು ಹೊರಗೆ ತೆಗೆಯಿರಿ. ಒಳಗೆ ಬಗ್ಗಿ ಮಾಡ್ತೇನೆ ಅಂದರೆ ಬೆನ್ನು ಹೋಗುತ್ತದೆ, ಎಣ್ಣೆಯೆಲ್ಲ ರೆಕ್ಸಿನ್ ಮೇಲೆ. ಒಂದು ಎಚ್ಚರಿಕೆ. ಈ ಕಾರಿನ ಬೋಲ್ಟು ಇಂಚಿನ ಲೆಕ್ಕದ್ದು. ಅರ್ಧ ಇಂಚಿನ ತಲೆಗೆ 13ರ ಸ್ಪ್ಯಾನರ್ ಕೂತ ಹಾಗೆ ಕಾಣುತ್ತದೆ, ಆದರೆ ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ತುಕ್ಕು ಹಿಡಿದ ಬೋಲ್ಟಿಗೆ ಆ ಸಣ್ಣ ಸಡಿಲವೇ ಸಾಕು, ಮೂಲೆ ಸವೆದು ತಲೆ ಉರುಟಾಗುತ್ತದೆ.

ಇನ್ನು ಎಣ್ಣೆ. ಕುಂಬಳೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಅಂದರೂ ಆಗುತ್ತದೆ, ಮಲಯಾಳದಲ್ಲಿ ತುರುಂಬು ಅಂದರೂ ಆಗುತ್ತದೆ, ತುಕ್ಕು ಬಿಡಿಸುವ ಸ್ಪ್ರೇ ಕೊಡುತ್ತಾರೆ. ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಎಲ್ಲದಕ್ಕೂ ಅದೇ ಅಂತ ಗೊತ್ತು, ಆದರೂ ಬೇಡ. ಬಿಗಿದ ಸಂದಿಗೆ ಇಳಿಯಲು ಅದಕ್ಕಿಂತ ತೆಳು ಎಣ್ಣೆ ಬೇಕು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವುದಿಲ್ಲವಾ, ಹಾಗೆ ತೆಳು ಎಣ್ಣೆಯನ್ನು ಸಂದಿಯೇ ಒಳಗೆ ಎಳೆದುಕೊಳ್ಳುತ್ತದೆ. ಡಬ್ಲ್ಯುಡಿ-40 ಸ್ಪ್ರೇ ಕೂಡ ಆಗುತ್ತದೆ, ಆದರೆ ಅದು ಹುಟ್ಟಿದ್ದೇ ನೀರನ್ನು ಓಡಿಸಲಿಕ್ಕೆ. ಅದನ್ನೇ ಕೊನೆಯ ಗ್ರೀಸು ಅಂತ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ.

ಮೊದಲು ವೈರ್ ಬ್ರಶ್‌ನಿಂದ ಮೇಲಿನ ಪುಡಿ ತೆಗೆಯಿರಿ. ಸೀಟನ್ನು ಮಗ್ಗುಲಾಗಿ ಇಟ್ಟು, ಪಿನ್ನಿನ ಮೇಲ್ತುದಿಗೆ ಎಣ್ಣೆ ಬಿಡಿ. ಸಣ್ಣ ಸುತ್ತಿಗೆಯಿಂದ ಪಿನ್ನಿನ ತಲೆಗೆ ಟಕ್ ಟಕ್ ಅಂತ ತಟ್ಟಿ. ಬಡಿಯುವುದಲ್ಲ, ತಟ್ಟುವುದು. ಆ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಆಗುತ್ತದೆ. ಆಮೇಲೆ ಹೋಗಿ ಊಟ ಮಾಡಿ, ಮಲಗಿ. ಬೆಳಗ್ಗೆ ಇನ್ನೊಮ್ಮೆ ಎಣ್ಣೆ, ಇನ್ನೊಮ್ಮೆ ತಟ್ಟು.

(ದೃಶ್ಯ: ಕಬ್ಬಿಣದ ಪೈಪು ಹಿಡಿದ ಕೈ. ಮುಂದಿನ ಶಾಟ್‌ನಲ್ಲಿ ಬಾಗಿದ ಕಿವಿ.)

ನಾನು ಮಲಗಲಿಲ್ಲ. ಒಂದು ಗಂಟೆ ಕಾದು, ಪೈಪು ಸಿಕ್ಕಿಸಿ ಎತ್ತಿದೆ. ಪಿನ್ನು ತಿರುಗಲಿಲ್ಲ, ತಗಡು ತಿರುಗಿತು. ಕಿವಿಯನ್ನು ವೈಸ್‌ನಲ್ಲಿ ಹಿಡಿದು ಮೊದಲಿನ ಹಾಗೆ ಮಾಡಲು ಅರ್ಧ ದಿನ ಹೋಯಿತು.

ಗ್ಯಾಸ್ ಟಾರ್ಚ್ ಹಿಡಿಯಬಹುದಾ ಅಂತ ಕೇಳುವವರಿದ್ದಾರೆ. ಬಿಸಿ ಮಾಡಿದರೆ ಬಿಡುತ್ತದೆ, ಹೌದು. ಆದರೆ ಪಕ್ಕದಲ್ಲೇ ಫೋಮು, ರೆಕ್ಸಿನ್, ಎಣ್ಣೆ. ಫೋಮು ಸುಟ್ಟ ಹೊಗೆ ವಿಷ. ಬಟ್ಟೆ, ಫೋಮು ಎಲ್ಲ ಬಿಚ್ಚಿ ಬರೀ ಚೌಕಟ್ಟು ಕೈಯಲ್ಲಿದ್ದರೆ, ಎಣ್ಣೆ ಒರೆಸಿ, ಬಯಲಲ್ಲಿ ಮಾಡಿ. ಇಲ್ಲದಿದ್ದರೆ ಆ ಆಸೆ ಬಿಡಿ.

(ಹತ್ತಿರದ ಶಾಟ್: ಬಿಜಾಗ್ರಿ ಎರಡು ಮಿಲಿಮೀಟರ್ ಅಲ್ಲಾಡುತ್ತದೆ. ಸಂದಿಯಿಂದ ಕೆಂಪು ಎಣ್ಣೆ.)

ಮೂರನೇ ದಿನ. ಇಷ್ಟು ಅಲ್ಲಾಡಿದರೆ ಗೆದ್ದ ಹಾಗೆ. ಪೂರ್ತಿ ಬಗ್ಗಿಸಲು ಹೋಗಬೇಡಿ. ಇಷ್ಟೇ ಮುಂದೆ, ಇಷ್ಟೇ ಹಿಂದೆ. ಗೋಕುಳಿ ನೀರಿನ ಹಾಗೆ ಕೆಂಪು ಎಣ್ಣೆ ಹೊರಬರುತ್ತದೆ, ಒರೆಸಿ, ಹೊಸದು ಬಿಡಿ. ಎಣ್ಣೆ ತಿಳಿಯಾಗಿ ಬರುವವರೆಗೆ ಇದೇ ಕೆಲಸ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಬಲಗಡೆಯದ್ದು ಹತ್ತೇ ನಿಮಿಷ.

ಪಿನ್ನು ಹೊರಗೆ ಬರುವಂಥದ್ದಾದರೆ ತೆಗೆದು, ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಡಿ. ಬೆಳಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಿ. ಒದ್ದೆ ಬಿಟ್ಟರೆ ನಿಮ್ಮ ಕಣ್ಣೆದುರೇ ತುಕ್ಕು ಬರುತ್ತದೆ. ರಿವೆಟ್ ಹೊಡೆದ ಪಿನ್ನಾದರೆ ಬಿಚ್ಚುವ ಗೋಜು ಬೇಡ.

ಕೊನೆಗೆ ಲಿಥಿಯಂ ಗ್ರೀಸು. ಕಿವಿಯ ಹೊರಮೈಗೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಪೇಂಟು. ಪಿನ್ನು ಕೂರುವ ತೂತಿಗೆ ಮಾತ್ರ ಪೇಂಟು ಹೋಗಬಾರದು.

(ದೃಶ್ಯ: ಸೀಟು ಕಾರಿನೊಳಗೆ. ಒಂದೇ ಬೆರಳಿನಿಂದ ಮುಂದಕ್ಕೆ ಬಗ್ಗುತ್ತದೆ. ಮಾವ ಹಿಂದೆ ಹತ್ತಿ ಕೂರುತ್ತಾರೆ.)

ಹಾಂ, ಬೋಲ್ಟುಗಳನ್ನು ಒಂದೇ ಸಲ ಪೂರ್ತಿ ಬಿಗಿಯಬೇಡಿ. ಮೊದಲು ನಾಲ್ಕನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ. ಸೀಟನ್ನು ಹಳಿಯ ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿ, ಆಮೇಲೆ ಸ್ಪ್ಯಾನರ್ ಹಾಕಿ. ಮಾವ, ಸ್ವಲ್ಪ ಇಳೀತೀರಾ? ಎಡಗಡೆ ಹಿಂದಿನ ಬೋಲ್ಟು ಬಿಗಿಯುವುದು ಬಾಕಿ ಉಂಟು.