ಸೂತಕವಿಲ್ಲದ ಸಾವುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಅಕ್ಟೋಬರ್ 9ರ ರಾತ್ರಿ ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಮೊಸಳೆ ಬಬಿಯಾ ತೀರಿಹೋಯಿತು. ಎಪ್ಪತ್ತು ವರ್ಷಕ್ಕೂ ಜಾಸ್ತಿ ಅದು ಆ ಕೆರೆಯಲ್ಲೇ ಇತ್ತು ಅಂತ ಊರಿನವರ ಲೆಕ್ಕ. ಪೂಜೆ ಮುಗಿದ ಮೇಲೆ ಅರ್ಚಕರು ಹೋಗಿ ಕರೆಯುತ್ತಿದ್ದರು. ಅದು ಬಂದು ನೈವೇದ್ಯದ ಅನ್ನ ತಿನ್ನುತ್ತಿತ್ತು. ಮಾರನೆಯ ದಿನ ಅದರ ದೇಹವನ್ನು ಫ್ರೀಜರ್ ಪೆಟ್ಟಿಗೆಯಲ್ಲಿಟ್ಟು ಜನ ನೋಡಲು ಅವಕಾಶ ಮಾಡಿದರು. ಆಸುಪಾಸಿನ ಊರುಗಳಿಂದ ಜನ ಬಂದರು. ಜನಪ್ರತಿನಿಧಿಗಳೂ ಬಂದರು. ಹೂ ಹಾಕಿ ಕೈಮುಗಿದರು. ಆಮೇಲೆ ದೇವಸ್ಥಾನದ ಹತ್ತಿರವೇ ಮಣ್ಣು ಮಾಡಿದರು.

ಸುದ್ದಿ ದೇಶವೆಲ್ಲ ಓಡಾಡಿತು. ಅನ್ನ ತಿನ್ನುವ ಮೊಸಳೆ ಅನ್ನುವ ಕುತೂಹಲವೇ ಅದರಲ್ಲಿ ಹೆಚ್ಚು. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಒಂದು ಪ್ರಾಣಿ ಹೋದಾಗ ಇಡೀ ಊರು ಸಂಕೋಚವಿಲ್ಲದೆ ದುಃಖಪಟ್ಟಿತು. ಯಾರೂ ಯಾರನ್ನೂ ‘ಒಂದು ಮೊಸಳೆಗೆ ಇಷ್ಟೆಲ್ಲ ಯಾಕೆ’ ಅಂತ ತಡೆಯಲಿಲ್ಲ. ಅನಂತಪುರದವರು ಸರಿಯಾದ ಕೆಲಸ ಮಾಡಿದರು ಅಂತ ನಾನು ನಂಬುತ್ತೇನೆ. ಇವತ್ತಿನ ಮಾತು ಅದರ ಬಗ್ಗೆಯೇ.

ನಮ್ಮ ಕಾಸರಗೋಡಿನ ಕಡೆ ಮನೆಯವರು ಯಾರಾದರೂ ಹೋದರೆ ಮುಂದೇನು ಅಂತ ಯಾರೂ ಯೋಚಿಸಬೇಕಾಗಿಲ್ಲ. ಎಲ್ಲದಕ್ಕೂ ದಾರಿ ಇದೆ. ನೆರೆಯವರು ಓಡಿಬರುತ್ತಾರೆ. ಒಬ್ಬರು ಕಟ್ಟಿಗೆಗೆ ಹೋಗುತ್ತಾರೆ, ಒಬ್ಬರು ಫೋನಿಗೆ ಕೂರುತ್ತಾರೆ. ಪಕ್ಕದ ಮನೆಯಿಂದ ಗಂಜಿ ಬರುತ್ತದೆ. ಆಮೇಲೆ ಸೂತಕ. ಅಷ್ಟು ದಿನ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ, ಮದುವೆ ಮನೆಗೆ ಹೋಗುವ ಹಾಗಿಲ್ಲ. ಕೊನೆಗೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ನೆಂಟರಿಷ್ಟರೆಲ್ಲ ಸೇರಿ ಊಟ ಮಾಡಿ ಹೋಗುತ್ತಾರೆ. ಆಟಿ ತಿಂಗಳಲ್ಲಿ ಹೋದವರಿಗೆ ಎಲೆ ಹಾಕಿ ಬಡಿಸುವ ಮನೆಗಳು ಇಂದಿಗೂ ಇವೆ. ಅಳಲಿಕ್ಕೂ ಸಮಯ ಸಿಗುತ್ತದೆ, ಎದ್ದು ಕೂರಲಿಕ್ಕೂ ಒಂದು ದಿನ ಗೊತ್ತಾಗಿರುತ್ತದೆ. ಹಿರಿಯರು ತುಂಬಾ ಯೋಚಿಸಿ ಮಾಡಿದ ಏರ್ಪಾಡು ಇದು.

ಆದರೆ ನಾಯಿ ಸತ್ತರೆ ಸೂತಕ ಇಲ್ಲ. ಜೀವದ ಗೆಳೆಯ ಹೋದರೆ ಇಲ್ಲ. ರಾತ್ರಿಯಿಡೀ ಕೂತು ಹಾಡು ಕೇಳಿದ ಯಕ್ಷಗಾನದ ಭಾಗವತರು ಹೋದರೂ ಇಲ್ಲ. ಮಾರನೆಯ ದಿನ ಎದ್ದು ಕೆಲಸಕ್ಕೆ ಹೋಗಬೇಕು. ಬಸ್ಸಿನಲ್ಲಿ ಸಿಕ್ಕವರ ಹತ್ತಿರ ಮಳೆಯ ಸುದ್ದಿ, ಅಡಿಕೆಯ ರೇಟು ಮಾತಾಡಬೇಕು. ದುಃಖ ಇದೆ, ಆದರೆ ಅದಕ್ಕೆ ಕೂರಲು ಒಂದು ಮಣೆ ಇಲ್ಲ.

ನಮ್ಮ ನೆರೆಮನೆಯ ಅಕ್ಕನ ಹಟ್ಟಿಯಲ್ಲಿ ಗೌರಿ ಅಂತ ಒಂದು ದನ ಇತ್ತು. ಕಾಸರಗೋಡು ಗಿಡ್ಡ. ನಮ್ಮ ಈ ತಳಿ ನಿಮಗೆಲ್ಲ ಗೊತ್ತು. ಎತ್ತರ ಒಂದು ಮೀಟರಿನ ಆಸುಪಾಸು. ಹಾಲು ಕಡಿಮೆ, ತಿನ್ನುವುದೂ ಕಡಿಮೆ. ಗುಡ್ಡ ಹತ್ತಿ ಇಳಿದು ತಾನೇ ಮೇಯ್ದುಕೊಂಡು ಬರುತ್ತದೆ. ಮಳೆಗಾಲವನ್ನೂ ತಡೆದುಕೊಳ್ಳುತ್ತದೆ. ಗೌರಿ ಮುದಿಯಾಗಿ ಹಾಲು ನಿಲ್ಲಿಸಿದ ಮೇಲೂ ಅಕ್ಕ ಅದನ್ನು ಕೊಡಲಿಲ್ಲ. ಒಂದು ಮಳೆಗಾಲದಲ್ಲಿ ಅದು ಮಲಗಿದ್ದು ಏಳಲಿಲ್ಲ. ತೋಟದ ಬದಿಯಲ್ಲಿ ಆಳವಾಗಿ ಗುಂಡಿ ತೋಡಿಸಿದರು. ಉಪ್ಪು ಹಾಕಿ ಮಣ್ಣು ಮುಚ್ಚಿದರು. ಅಷ್ಟಕ್ಕೆ ಎಲ್ಲರ ಲೆಕ್ಕದಲ್ಲಿ ಅದು ಮುಗಿಯಿತು.

ಅಕ್ಕನಿಗೆ ಮುಗಿಯಲಿಲ್ಲ. ಸಂಜೆ ಹುಲ್ಲು ಹಾಕುವ ಹೊತ್ತಿಗೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಅನ್ನ ಬಸಿದ ಗಂಜಿತಿಳಿಯನ್ನು ಎಂದಿನ ಬಕೆಟಿಗೆ ಹಾಕಿಟ್ಟು, ಆಮೇಲೆ ನೆನಪಾಗಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು. ಬಂದವರೆಲ್ಲ ಹೇಳಿದ್ದು ಒಂದೇ. ‘ಪ್ರಾಯ ಆಗಿತ್ತಲ್ವಾ, ಬೇರೆ ಒಂದು ಕರು ತಂದು ಕಟ್ಟಿ.’ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ಅವರಿಗೆ ಚುಚ್ಚಿತು. ಗಂಡ ತೀರಿಹೋದಾಗ ತಿಂಗಳುಗಟ್ಟಲೆ ಜೊತೆ ಕೂತ ಊರು, ಈಗ ಒಂದು ಸಂಜೆಯೂ ಕೂರಲಿಲ್ಲ. ಗಂಡ ಹೋದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಅವರು ಮಾತಾಡುತ್ತಿದ್ದದ್ದು ಗೌರಿಯ ಹತ್ತಿರ. ಅದು ಹೋದದ್ದು ಅವರಿಗೆ ಎರಡು ಸಾವು.

ಬೇರೆ ಒಂದು ತನ್ನಿ ಅನ್ನುವ ಮಾತು ಎಲ್ಲ ಪ್ರಾಣಿಗಳ ಸಾವಿಗೂ ಬರುತ್ತದೆ. ಅನಂತಪುರದ ಕೆರೆಯಲ್ಲಿ 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಜನರಿಗೆ ಸಂತೋಷ ಆಯಿತು, ನನಗೂ ಆಯಿತು. ಆದರೆ ಹೊಸದು ಬಂತು ಅಂತ ಬಬಿಯಾನ ನೆನಪು ಯಾರಿಗೂ ಕಡಿಮೆಯಾಗಲಿಲ್ಲ. ಎರಡಕ್ಕೂ ಮನಸ್ಸಿನಲ್ಲಿ ಜಾಗ ಬೇರೆ ಬೇರೆ. ಅಕ್ಕನ ಹಟ್ಟಿಗೂ ಆಮೇಲೆ ಕರು ಬಂತು. ತರಬೇಕು ಅಂತ ಅವರಿಗೇ ಅನಿಸಿದಾಗ ತಂದರು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ತೊಂದರೆ. ನಾಯಿ ಸತ್ತರೆ ‘ಎಲ್ಲಿಗೋ ಓಡಿಹೋಯಿತು’ ಅಂತ ದೊಡ್ಡವರು ಹೇಳುತ್ತಾರೆ. ಮಗು ಅಳಬಾರದು ಅಂತ ಹೇಳುವ ಸುಳ್ಳು. ಆದರೆ ಮಗು ದಿನಾ ಗೇಟಿನ ಹತ್ತಿರ ನಿಂತು ಕಾಯುತ್ತದೆ. ನನ್ನನ್ನು ಬಿಟ್ಟು ಹೋಯಿತಲ್ಲ ಅಂತ ಒಳಗೊಳಗೇ ನೋಯುತ್ತದೆ. ನಿಜ ಹೇಳಿಬಿಡಿ. ಮಣ್ಣು ಮಾಡುವಾಗ ಮಗು ಬಂದು ಒಂದು ಹಿಡಿ ಮಣ್ಣು ಹಾಕಲಿ. ಅಳಲಿ. ಅದರ ಮೇಲೆ ಒಂದು ದಾಸವಾಳದ ಗೆಲ್ಲು ನೆಡಲಿ. ಸಾವು ಅಂದರೆ ಏನು ಅಂತ ಮಗು ಎಲ್ಲಾದರೂ ಒಂದು ಕಡೆ ಕಲಿಯಲೇಬೇಕು. ಪ್ರೀತಿಸಿದ ನಾಯಿಯಿಂದ ಕಲಿತರೆ, ಮುಂದೆ ಅಜ್ಜಿ ಹೋದ ದಿನ ಅದಕ್ಕೆ ಕಾಲ ಕೆಳಗಿನ ನೆಲವೇ ಹೋದ ಹಾಗೆ ಆಗುವುದಿಲ್ಲ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಅಂದ ಧರ್ಮರಾಯನ ಕಥೆ ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಇನ್ನು ಗೆಳೆಯರ ಮಾತು. ತಾಳಮದ್ದಳೆ ಅಂದರೆ ವೇಷ ಕಟ್ಟದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಕರ್ಣ ಬಿದ್ದ ಮೇಲೆ ಕೌರವನ ಅರ್ಥ ಹೇಳುವುದು, ಅಂದರೆ ಅವನಾಗಿ ಮಾತಾಡುವುದು, ದೊಡ್ಡ ಅರ್ಥಧಾರಿಗಳಿಗೂ ಪರೀಕ್ಷೆ. ಅಷ್ಟು ಹೊತ್ತಿಗೆ ಕೌರವ ಎಷ್ಟೋ ತಮ್ಮಂದಿರನ್ನು ಕಳೆದುಕೊಂಡಿದ್ದಾನೆ. ದುಶ್ಶಾಸನನೂ ಹೋಗಿದ್ದಾನೆ. ಆದರೂ ನಿಂತಿದ್ದವನು ಕರ್ಣ ಬಿದ್ದಾಗ ಕುಸಿಯುತ್ತಾನೆ. ಕರ್ಣ ಅವನ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಗೆಳೆಯ, ಅಷ್ಟೇ. ಆ ಸಂದರ್ಭದಲ್ಲಿ ಸಭೆ ಸ್ತಬ್ಧವಾಗಿ ಕೂರುತ್ತದೆ. ಕಣ್ಣೊರೆಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಕಥೆಯಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗುವುದು, ನಮ್ಮ ಊರಿನ ಒಬ್ಬರ ಗೆಳೆಯ ಹೋದಾಗ ಯಾಕೆ ಅರ್ಥವಾಗುವುದಿಲ್ಲ?

2020ರ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದಾಗಿ ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿತ್ತು. ಕಾಸರಗೋಡಿನ ಗಡಿಯ ಊರುಗಳಿಗೆ ಮಂಗಳೂರೇ ಪೇಟೆ, ಮಂಗಳೂರೇ ಆಸ್ಪತ್ರೆ. ಸಮಯಕ್ಕೆ ಆಸ್ಪತ್ರೆ ಸೇರಲಾಗದೆ ಜೀವ ಬಿಟ್ಟವರೂ ಇದ್ದರು. ಆ ದಿನಗಳಲ್ಲೇ ನನ್ನ ಕಾಲೇಜಿನ ಕಾಲದ ಗೆಳತಿ ಗಡಿಯ ಆಚೆ ತೀರಿಕೊಂಡಳು. ಮುಖ ನೋಡಲಿಕ್ಕೆ ಆಗಲಿಲ್ಲ. ಸಂಬಂಧದವರಿಗೇ ಪಾಸ್ ಸಿಗದ ಕಾಲ, ಗೆಳತಿ ಅಂದರೆ ಯಾರು ಕೊಡುತ್ತಾರೆ? ಅವಳ ಅಮ್ಮನಿಗೆ ಫೋನ್ ಮಾಡಿದೆ. ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ನೆ ಅವಳ ಕಥೆ ಹೇಳಿದೆ. ಹಾಸ್ಟೆಲಿನಲ್ಲಿ ರಾತ್ರಿ ಉಪ್ಪಿನಕಾಯಿ ಭರಣಿ ಹಂಚಿಕೊಂಡದ್ದು, ಪರೀಕ್ಷೆಯ ದಿನ ತನ್ನ ಪೆನ್ನು ನನಗೆ ಕೊಟ್ಟು ತಾನು ಬೇರೆಯವರ ಹತ್ತಿರ ಕೇಳಿಕೊಂಡದ್ದು. ಅಮ್ಮ ಅಳುತ್ತಲೇ ನಕ್ಕರು. ‘ಇದೆಲ್ಲ ನನಗೆ ಗೊತ್ತೇ ಇರಲಿಲ್ಲ ಮಗಾ, ಇನ್ನೂ ಹೇಳು’ ಅಂದರು. ಈಗಲೂ ಆಗಾಗ ಫೋನ್ ಮಾಡುತ್ತಾರೆ. ಮಗಳ ಯಾವುದಾದರೂ ಹಳೆಯ ಸಂಗತಿ ಇದೆಯಾ ಅಂತ ಕೇಳುತ್ತಾರೆ. ಹೋದವರ ಬದುಕಿನ ಒಂದು ಪಾಲು ಗೆಳೆಯರ ಹತ್ತಿರ ಮಾತ್ರ ಇರುತ್ತದೆ. ಅದನ್ನು ಮನೆಯವರಿಗೆ ತಲುಪಿಸುವುದು ಗೆಳೆಯರ ಕೆಲಸ.

ಊರಿನ ದೊಡ್ಡವರು ಹೋದಾಗ ಆಗುವ ದುಃಖವನ್ನೂ ಹೇಳಬೇಕು. ಸೆಪ್ಟೆಂಬರ್ 6 ನಮ್ಮ ಜಿಲ್ಲೆ ಇಬ್ಬರನ್ನು ಕಳೆದುಕೊಂಡ ದಿನ. 1963ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈಗಳು. 2020ರಲ್ಲಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಸ್ವಾಮೀಜಿ ಹೋದಾಗ ದೇಶದ ಪತ್ರಿಕೆಗಳೆಲ್ಲ ಅವರ ಹೆಸರಿನ ಕೇಸಿನ ಬಗ್ಗೆ ಬರೆದವು. ಬರೆಯಲೇಬೇಕಾದ ಸಂಗತಿ. 1973ರ ಏಪ್ರಿಲ್ 24ರ ತೀರ್ಪು, 13 ನ್ಯಾಯಾಧೀಶರ ಪೀಠ, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವ ಹಾಗಿಲ್ಲ ಅಂತ ಅಂದು ತೀರ್ಮಾನವಾಯಿತು. ವಕೀಲಿ ಓದುವ ಪ್ರತಿಯೊಬ್ಬರ ಬಾಯಲ್ಲೂ ಆ ಹೆಸರು ಇದೆ. ಆದರೆ ಎಡನೀರಿನ ಸುತ್ತಿನವರು ನೆನೆದದ್ದು ಹಾಡುವ ಸ್ವಾಮೀಜಿಯನ್ನು. ಕಾವಿ ಉಟ್ಟು ಭಾಗವತಿಕೆ ಮಾಡಿದ, ಕಲಾವಿದರನ್ನು ಕರೆಸಿ ಊಟ ಹಾಕಿ ಯಕ್ಷಗಾನದ ಆಟ ಆಡಿಸಿದ ಸ್ವಾಮೀಜಿಯನ್ನು. ಆ ನೆನಪು ಬೇರೆ ಊರಿನವರಿಂದ ಸಿಗುವುದಿಲ್ಲ. ಅದನ್ನು ಕಾಪಾಡಬೇಕಾದವರು ನಾವೇ.

2015ರ ಆಗಸ್ಟ್ 9ರಂದು ಕಯ್ಯಾರ ಕಿಞ್ಞಣ್ಣ ರೈಗಳು ಹೋದರು. ನೂರು ತುಂಬಿ ಎರಡು ತಿಂಗಳಾಗಿತ್ತು. ಅವರಿಗಾಗಿ ನಡೆದ ನುಡಿನಮನಗಳಲ್ಲಿ ಕವಿ, ಗಡಿನಾಡ ಹೋರಾಟಗಾರ ಅನ್ನುವ ಮಾತುಗಳು ಬೇಕಾದಷ್ಟು ಬಂದವು. ಎಲ್ಲವೂ ನಿಜ. ಆದರೆ ಕ್ಲಾಸಿನಲ್ಲಿ ಅವರ ಪಾಠ ಕೇಳಿದವರು ಎದ್ದು ಮಾತಾಡಿದಾಗ ಸಭೆಯೇ ಬೇರೆಯಾಗುತ್ತಿತ್ತು. ಪೆರಡಾಲದ ಶಾಲೆಯ ಮಾಷ್ಟ್ರು, ತೋಟದಲ್ಲಿ ಹಾರೆ ಹಿಡಿದು ದುಡಿದ ಕೃಷಿಕ ಆಗ ಎದುರಿಗೆ ಬಂದು ನಿಲ್ಲುತ್ತಿದ್ದರು.

ನುಡಿನಮನದ ಸಭೆಗಳ ಬಗ್ಗೆ ನನಗೊಂದು ಬೇಸರ ಇದೆ. ತುಂಬಲಾರದ ನಷ್ಟ, ಅಜಾತಶತ್ರು, ಸರಳ ಸಜ್ಜನಿಕೆ. ಹೆಸರು ಬದಲಿಸಿದರೆ ಆ ಭಾಷಣ ಯಾರಿಗೂ ಹೊಂದುತ್ತದೆ. ವಾಟ್ಸಾಪಿನಲ್ಲಿ ಸಾಲಾಗಿ ಬೀಳುವ ‘ಓಂ ಶಾಂತಿ’ಯೂ ಹಾಗೆಯೇ. ನೀವು ಕಂಡ ಒಂದೇ ಒಂದು ಸಂಗತಿ ಹೇಳಿ. ಸಣ್ಣದಾದರೂ ಸಾಕು. ಅವರು ಚಾಗೆ ಎಷ್ಟು ಸಕ್ಕರೆ ಹಾಕುತ್ತಿದ್ದರು, ಬಸ್ಸಿನಲ್ಲಿ ಯಾವ ಸೀಟು ಹಿಡಿಯುತ್ತಿದ್ದರು, ಕೋಪ ಬಂದರೆ ಏನು ಮಾಡುತ್ತಿದ್ದರು. ಕೇಳಿದ ಮನೆಯವರ ಮುಖ ನೋಡಿ, ನಿಮಗೇ ಗೊತ್ತಾಗುತ್ತದೆ.

ಈ ವಿಷಯದಲ್ಲಿ ಯಕ್ಷಗಾನದವರ ಕ್ರಮ ನನಗೆ ತುಂಬಾ ಇಷ್ಟ. ಕಲಾವಿದರ ಸಂಸ್ಮರಣೆ ಅಂದರೆ ಎರಡು ಭಾಷಣ ಮುಗಿಸಿ ಒಂದು ತಾಳಮದ್ದಳೆ. ಹೋದವರು ಯಾವ ಅರ್ಥಕ್ಕೆ ಹೆಸರಾಗಿದ್ದರೋ ಅದನ್ನೇ ಇನ್ನೊಬ್ಬರು ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು. ಅವರ ವಾಲಿ, ರಾವಣ, ಮಾಗಧ ಕ್ಯಾಸೆಟ್ಟಿನಲ್ಲಿ ಉಳಿದಿವೆ. ವಾದ ಕಟ್ಟುವ ಆ ರೀತಿಯನ್ನು ಕೇಳಿ ಕಲಿತ ಅರ್ಥಧಾರಿಗಳು ಎಷ್ಟು ಜನ! ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿ 16ರಂದು ಹೋದರು. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ. ಅಜ್ಜನ ದಾರಿಯನ್ನು ಮೊಮ್ಮಗ ತನ್ನ ಏರುಸ್ವರದಲ್ಲಿ ಕಾಪಾಡಿಕೊಂಡು ಬಂದರು. ಐದು ದಿನಗಳ ದೇವಿಮಹಾತ್ಮೆ ಪ್ರಸಂಗವನ್ನೂ ಬರೆದರು. ಅವರು ಹೋದ ವಾರ ಎಷ್ಟೋ ಮನೆಗಳಲ್ಲಿ ಮೊಬೈಲಿನಿಂದ ಅದೇ ಸ್ವರ ಕೇಳುತ್ತಿತ್ತು. ಅವರ ಮುಖವನ್ನೇ ಹತ್ತಿರದಿಂದ ನೋಡದ ಜನ ಕೂತು ಅಳುತ್ತಿದ್ದರು. ಅದು ಅತಿಯಾಯಿತು ಅಂತ ನನಗೆ ಅನಿಸಲಿಲ್ಲ. ನಿದ್ದೆಗೆಟ್ಟು ಬೆಳಗಿನವರೆಗೆ ಆ ಹಾಡಿನ ಜೊತೆ ಕೂತವರಿಗೆ ಭಾಗವತರು ಹೇಗೆ ಪರಿಚಯವಿಲ್ಲದವರಾಗುತ್ತಾರೆ?

ಹಾಗಾಗಿ ನಿಮ್ಮ ಹತ್ತಿರ ಒಂದು ಕೇಳಿಕೆ. ನೆರೆಯಲ್ಲಿ ಯಾರದೋ ನಾಯಿ, ದನ, ಬೆಕ್ಕು ಸತ್ತಿದೆ ಅಂತ ಗೊತ್ತಾದರೆ ಒಂದು ಸಂಜೆ ಹೋಗಿ ಬನ್ನಿ. ಗೆಳೆಯನನ್ನು ಕಳೆದುಕೊಂಡವರ ಮನೆಗೂ ಹೋಗಿ. ಪ್ರಾಯ ಆಗಿತ್ತಲ್ವಾ ಅನ್ನಬೇಡಿ. ಅದರ ಹೆಸರು ಕೇಳಿ, ಅವರು ಹೇಗಿದ್ದರು ಅಂತ ಕೇಳಿ. ಫೋಟೋ ತೋರಿಸಿದರೆ ಕನ್ನಡಕ ಹಾಕಿಕೊಂಡು ಸರಿಯಾಗಿ ನೋಡಿ. ಬೊಜ್ಜ ಇಲ್ಲದ ಮನೆಗೆ ಊಟ ತೆಗೆದುಕೊಂಡು ಹೋಗಬಾರದು ಅಂತ ಎಲ್ಲಿಯೂ ಇಲ್ಲ. ಮೊನ್ನೆ ಬದಿಯಡ್ಕದ ಕಡೆಯ ಒಂದು ಮನೆಗೆ ನಾನು ಪತ್ರೊಡೆ ಮಾಡಿಕೊಂಡು ಹೋಗಿದ್ದೆ. ಅವರ ನಾಯಿ ಬೊಗ್ಗುವಿನ ಸುದ್ದಿ ಮಾತಾಡುತ್ತಾ ಕತ್ತಲಾದದ್ದೇ ತಿಳಿಯಲಿಲ್ಲ. ಹೊರಡುವಾಗ ಆ ಮನೆಯ ಅಜ್ಜ, ‘ಇನ್ನೊಮ್ಮೆ ಬನ್ನಿ, ಅದು ಹಾವು ಹಿಡಿದ ಕಥೆ ಬಾಕಿ ಇದೆ’ ಅಂದರು. ಬರುವ ವಾರ ಹೋಗುತ್ತೇನೆ.

ನಮಸ್ಕಾರ.