ಪಚ್ಚೈಯಪ್ಪ: ಶಾಲೆ ಕಟ್ಟಿಸದವರ ಹೆಸರಿನ ಶಾಲೆ

ಕೇಳುಗರಿಗೆ ನಮಸ್ಕಾರ.

ಚೆನ್ನೈ, ಕಾಂಚೀಪುರದ ಕಡೆ ಪಚ್ಚೈಯಪ್ಪ ಅನ್ನುವ ಹೆಸರಿನ ಹೈಸ್ಕೂಲುಗಳಿವೆ, ದೊಡ್ಡ ಕಾಲೇಜೂ ಇದೆ. ಆದರೆ ಆ ಪಚ್ಚೈಯಪ್ಪ ಮುದಲಿಯಾರ್ ಒಂದು ಶಾಲೆಯನ್ನೂ ಕಟ್ಟಿಸಿದವರಲ್ಲ. ಅವರು ತೀರಿಕೊಂಡು 48 ವರ್ಷ ಆದ ಮೇಲೆ ಅವರ ಹೆಸರಿನ ಮೊದಲ ಶಾಲೆ ಬಾಗಿಲು ತೆರೆಯಿತು. ನನಗೆ ಈ ಕಥೆ ತುಂಬಾ ಹಿಡಿಸಿದ್ದು ಇದಕ್ಕೇ.

ಅವರು ಹುಟ್ಟಿದ್ದು 1754ರಲ್ಲಿ. ತಂದೆ ಕಾಂಚೀಪುರದವರು. ಮಗು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಮದರಾಸಿಗೆ ಬಂದರು. ಅಲ್ಲಿ ನಾರಾಯಣ ಪಿಳ್ಳೈ ಅನ್ನುವವರು ಈ ಕುಟುಂಬಕ್ಕೆ ಆಸರೆಯಾದರು, ಹುಡುಗನಿಗೆ ಕೆಲಸವನ್ನೂ ಕಲಿಸಿದರು. ಯಾವ ಕೆಲಸ? ದುಬಾಷಿಯ ಕೆಲಸ. ಈಸ್ಟ್ ಇಂಡಿಯಾ ಕಂಪನಿಯ ಬಿಳಿಯರಿಗೆ ಇಲ್ಲಿಯ ಭಾಷೆ ಬರುತ್ತಿರಲಿಲ್ಲ, ಇಲ್ಲಿಯ ಬಜಾರೂ ಗೊತ್ತಿರಲಿಲ್ಲ. ಮಾತು, ಲೆಕ್ಕ, ವ್ಯವಹಾರ ಎಲ್ಲಕ್ಕೂ ನಡುವೆ ಒಬ್ಬರು ಬೇಕು. ಅವರೇ ದುಬಾಷಿ. ಪಚ್ಚೈಯಪ್ಪ ಈ ಕೆಲಸದಲ್ಲಿ ಚಿಕ್ಕ ವಯಸ್ಸಿಗೇ ಸಾಹುಕಾರರಾದರು. ಆದರೆ ಆಯಸ್ಸು ಬರೇ 40 ವರ್ಷ. 1794ರ ಮಾರ್ಚ್ 22ರಂದು ಕುಂಭಕೋಣದಲ್ಲಿ ಉಯಿಲು ಬರೆಸಿದರು. ಒಂಬತ್ತು ದಿನಕ್ಕೆ ತೀರಿಕೊಂಡರು.

ಉಯಿಲಿನಲ್ಲಿ ದೊಡ್ಡ ಮೊತ್ತ ದಾನಕ್ಕೆ ಮೀಸಲಾಗಿತ್ತು. ದೇವಸ್ಥಾನಗಳಿಗೆ, ಧರ್ಮಕಾರ್ಯಗಳಿಗೆ. ಹೊಣೆಯನ್ನು ಒಪ್ಪಿಸಿದ್ದು ಅದೇ ನಾರಾಯಣ ಪಿಳ್ಳೈಯವರಿಗೆ. ಬಾಲ್ಯದಲ್ಲಿ ಕೈ ಹಿಡಿದವರನ್ನು ಸಾಯುವಾಗಲೂ ನೆನೆದರಲ್ಲ, ಅದನ್ನು ಓದಿದಾಗ ಮನಸ್ಸು ತುಂಬಿ ಬರುತ್ತದೆ.

ಆಮೇಲೆ ಏನಾಯಿತು? ಆಸ್ತಿ ಅಂದ ಮೇಲೆ ಜಗಳ. ವ್ಯಾಜ್ಯ ಆಗ ಮದರಾಸಿನಲ್ಲಿದ್ದ ಸುಪ್ರೀಂ ಕೋರ್ಟು ಹತ್ತಿತು. ವರ್ಷಗಳು ಉರುಳಿದವು. ಅತ್ತ ದೇವಸ್ಥಾನಕ್ಕೂ ಇಲ್ಲ, ಇತ್ತ ಬಡವರಿಗೂ ಇಲ್ಲ, ದುಡ್ಡು ಹಾಗೇ ಕೂತಿತ್ತು. ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ, ಅಲ್ವಾ? ಅದು ಬೆಳೆಯುತ್ತಲೇ ಹೋಯಿತು. ಕೊನೆಗೆ ಅಡ್ವೊಕೇಟ್ ಜನರಲ್ ಆಗಿದ್ದ ಜಾರ್ಜ್ ನಾರ್ಟನ್ ಇದರ ಬೆನ್ನು ಹತ್ತಿದರು. ಉಯಿಲಿನಲ್ಲಿ ಹೇಳಿದ ಧರ್ಮಕಾರ್ಯಗಳಿಗೆ ಬೇಕಾದಷ್ಟು ತೆಗೆದಿಟ್ಟರೂ ಇನ್ನೂ ಹಣ ಮಿಗುತ್ತಿತ್ತು. ಆ ಮಿಕ್ಕ ಹಣ ಮಕ್ಕಳ ಓದಿಗೆ ಬಂತು. 1842ರಲ್ಲಿ ಮದರಾಸಿನ ಬ್ರಾಡ್‌ವೇಯಲ್ಲಿ ಶಾಲೆ ಶುರುವಾಯಿತು. 1850ರಲ್ಲಿ ಅದಕ್ಕೊಂದು ಭವ್ಯ ಕಟ್ಟಡವೂ ಸಿಕ್ಕಿತು. ಅಥೆನ್ಸಿನ ಹಳೇ ಗುಡಿಯೊಂದರ ಮಾದರಿಯಲ್ಲಿ, ಸಾಲು ಕಂಬಗಳ ಪಚ್ಚೈಯಪ್ಪ ಹಾಲ್. 1889ರ ಹೊತ್ತಿಗೆ ಅದು ಪೂರ್ತಿ ಪದವಿ ಕಾಲೇಜಾಗಿತ್ತು.

ಒಂದು ಕೊರತೆಯನ್ನೂ ಹೇಳಲೇಬೇಕು. ಬಹಳ ಕಾಲ ಅಲ್ಲಿ ಹಿಂದೂ ಹುಡುಗರಿಗೆ ಮಾತ್ರ ಪ್ರವೇಶವಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದು 1947ರಲ್ಲಿ. ಅಷ್ಟು ತಡವಾಗಬಾರದಿತ್ತು ಅಂತ ನನಗೆ ಅನ್ನಿಸುತ್ತದೆ.

ಅಲ್ಲಿ ಓದಲು ಬಂದವರಲ್ಲಿ 1906ರಲ್ಲಿ ಒಬ್ಬ ಬಡ ಹುಡುಗನಿದ್ದ. ಲೆಕ್ಕ ಬಿಟ್ಟು ಬೇರೆ ಯಾವುದರಲ್ಲೂ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಎಫ್.ಎ., ಅಂದರೆ ಪದವಿಗೆ ಮೊದಲಿನ ಕಾಲೇಜು ಪರೀಕ್ಷೆ, ಪಾಸಾಗಲಿಲ್ಲ. ಅವನೇ ಮುಂದೆ ಗಣಿತದಲ್ಲಿ ಹೆಸರಾದ ಶ್ರೀನಿವಾಸ ರಾಮಾನುಜನ್.

ಕಾಂಚೀಪುರದಲ್ಲೂ ಪಚ್ಚೈಯಪ್ಪ ಹೈಸ್ಕೂಲು ಆಯಿತು. ಮಗನ ಮುಖ ನೋಡದೆ ಹೋದ ಆ ತಂದೆಯ ಊರು ಅದು. ಅಲ್ಲಿ ಒಬ್ಬ ನೇಕಾರರ ಮನೆಯ ಹುಡುಗ ಓದಿದ. ಆಮೇಲೆ ಮದರಾಸಿಗೆ ಹೋಗಿ ಪಚ್ಚೈಯಪ್ಪ ಕಾಲೇಜು ಸೇರಿದ. 1967ರಲ್ಲಿ ಮದರಾಸು ರಾಜ್ಯದ, ಅಂದರೆ ಈಗಿನ ತಮಿಳುನಾಡಿನ, ಮುಖ್ಯಮಂತ್ರಿಯಾದ. ಸಿ.ಎನ್. ಅಣ್ಣಾದುರೈ.

ನಮಸ್ಕಾರ.