ಚಾಸಿ ಸಂಖ್ಯೆಯ ಜಾಡು ಹಿಡಿದು

ಶಿವಮೊಗ್ಗದ ಸಹೃದಯರೆ,

ಅರ್ಧ ಎಕರೆ ಅಡಿಕೆ ತೋಟ ಕೊಳ್ಳಬೇಕಾದರೂ ನಾವು ಪಹಣಿ ನೋಡುತ್ತೇವೆ, ಮ್ಯುಟೇಶನ್ ಕೇಳುತ್ತೇವೆ, ಋಣಭಾರ ಪತ್ರ ತೆಗೆಸುತ್ತೇವೆ. ಹಳೆಯ ಸ್ಪೋರ್ಟ್ಸ್ ಕಾರಿಗೂ ಅಷ್ಟೇ ಶ್ರದ್ಧೆ ಬೇಕು. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ತಿಳಿಯದಿದ್ದರೆ, ಕೊಂಡದ್ದು ಅಸಲಿಯೋ ಜೋಡಿಸಿದ್ದೋ ಹೇಳಲಾಗದು. ಫೆರಾರಿ 250 ಜಿಟಿಒ ತಯಾರಾದದ್ದು 36 ಮಾತ್ರ. 2018ರಲ್ಲಿ ಅದರಲ್ಲೊಂದು ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. ಆ ಹಣ ಬರಿಯ ಲೋಹಕ್ಕೆ ಕೊಟ್ಟದ್ದಲ್ಲ. ಯಾವ ಓಟದಲ್ಲಿ ಓಡಿತು, ಯಾರಲ್ಲಿತ್ತು ಎಂಬ ದಾಖಲೆಗೂ ಕೊಟ್ಟದ್ದು.

ನಮ್ಮ ಕಡೆಯ ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಫೆರಾರಿ ಹುಡುಕುವುದು ಬೇಡ. ಎಂಜಿ ಟಿಸಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಂಥದ್ದನ್ನು ಹುಡುಕೋಣ. 1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಇಂಥ ಸುಮಾರು 10,000 ಕಾರುಗಳು ತಯಾರಾದವು. ಚಾಸಿ ಎಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟು; ಅದರ ಸಂಖ್ಯೆ ಶುರುವಾಗುವುದು 0251ರಿಂದ. 251 ಆ ಕಾರ್ಖಾನೆಯ ದೂರವಾಣಿ ಸಂಖ್ಯೆ! ಅದಕ್ಕಿಂತ ಚಿಕ್ಕ ಸಂಖ್ಯೆಯನ್ನು ಯಾರಾದರೂ ತೋರಿಸಿದರೆ ಅಲ್ಲಿಯೇ ಅನುಮಾನಪಡಿ. ಸಂಖ್ಯೆಯ ಫಲಕವನ್ನು ಕಳಚಿ ಇನ್ನೊಂದಕ್ಕೆ ಹಾಕಬಹುದು. ಆದ್ದರಿಂದ ಚಾಸಿಯ ಮುಂಭಾಗದ ಉಕ್ಕಿನ ಮೇಲೆಯೇ ಒತ್ತಿದ ಅಂಕಿಗಳನ್ನು ಓದಬೇಕು. ಜಾಗ್ವಾರ್ ಎಕ್ಸ್‌ಕೆ 120ರ ಸಂಖ್ಯೆ 66ರಿಂದ ಆರಂಭವಾದರೆ ಬಲಗಡೆ ಸ್ಟೀರಿಂಗ್, 67ರಿಂದ ಆದರೆ ಎಡಗಡೆ. 67ರ ಕಾರಿಗೆ ಈಗ ಸ್ಟೀರಿಂಗ್ ಬಲಗಡೆ ಇದ್ದರೆ, ಅದನ್ನು ಬದಲಾಯಿಸಿದವರು ಯಾರು, ಯಾವ ಊರಿನಲ್ಲಿ? ಅಲ್ಲಿಂದಲೇ ಹುಡುಕಾಟ ಶುರು.

ಹಳೆಯ ಆರ್‌ಸಿ ಪುಸ್ತಕದಲ್ಲಿ ಪ್ರತಿ ವರ್ಗಾವಣೆಗೂ ತಾರೀಕು, ಮೊಹರು ಇರುತ್ತವೆ. ಮೈಸೂರು ರಾಜ್ಯದ ಕಾಲದಲ್ಲಿ ನೋಂದಣಿಯಾದ ಕಾರಿಗೆ ಈಗ ಕೆಎ–14 ಇದ್ದರೆ ನಡುವೆ ಮರುನೋಂದಣಿ ಆಗಿದೆ ಎಂದರ್ಥ. ಹಿಂದಿನ ಎಂವೈ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಪುಸ್ತಕ ಕಳೆದಿದ್ದರೆ ಕುಟುಂಬದ ಪಾಲುಪಟ್ಟಿ ನೋಡಿ: ತೋಟ, ಮನೆ, ಪಾತ್ರೆಗಳ ಜೊತೆಗೆ ಕಾರಿನ ಹೆಸರೂ ಇರಬಹುದು. ಮದುವೆಯ ಫೋಟೊದಲ್ಲಿ ನಂಬರ್ ಪ್ಲೇಟ್ ಕಂಡರೆ ಅದೂ ಸಾಕ್ಷಿ. ಎಸ್ಟೇಟಿನ ರೈಟರು, ಡ್ರೈವರು, ಗ್ಯಾರೇಜಿನ ಮೇಸ್ತ್ರಿ, ಇವರ ನೆನಪನ್ನು ಈಗಲೇ ಬರೆದಿಡಬೇಕು. ಶ್ರೀಮಂತ ಮಾಲೀಕರ ಹೆಸರು ಹೇಗಾದರೂ ಉಳಿಯುತ್ತದೆ. ಗುಜರಿಯವನ ಕೈಯಿಂದ ಕಾರನ್ನು ಬಿಡಿಸಿಕೊಂಡ ಮೆಕ್ಯಾನಿಕ್‌ನ ಹೆಸರು ಎಲ್ಲಿಯೂ ಇರುವುದಿಲ್ಲ. ನನಗೆ ಆ ಹೆಸರೇ ಮುಖ್ಯ.

ಇನ್ನು ಮರದ ಮಾತು. ಟಿಸಿಯ ಬಾಡಿಯ ತಗಡಿನ ಒಳಗೆ ಇರುವುದು ಇಂಗ್ಲೆಂಡಿನ ಆ್ಯಶ್ ಮರದ ಚೌಕಟ್ಟು. ಆಗುಂಬೆ, ಹೊಸನಗರದ ಕಡೆಯ ಮಳೆಗಾಲಕ್ಕೂ ಗೆದ್ದಲಿಗೂ ಅದು ಎಷ್ಟು ದಿನ ತಡೆದೀತು? ಆದ್ದರಿಂದ ಒಳಗೆ ತೇಗವೋ ಹಲಸೋ ಕಂಡರೆ ನಕಲಿ ಎಂದು ಮುಖ ತಿರುಗಿಸಬೇಡಿ. ಅದು ಇಲ್ಲಿನ ಆಚಾರಿಯೊಬ್ಬರ ಕೆಲಸವಾಗಿರಬಹುದು, ಕಾರು ಮಲೆನಾಡಿನಲ್ಲಿ ಬಾಳಿತು ಎನ್ನುವುದಕ್ಕೆ ಗುರುತು. ಹೊಸ ಆ್ಯಶ್ ತರಿಸಿ ಅದನ್ನು ಕಿತ್ತೆಸೆಯುವುದು ನನಗೆ ಒಪ್ಪಿಗೆಯಿಲ್ಲ. ಕೀಳಲೇಬೇಕಾದರೆ ಪ್ರತಿ ತುಂಡಿನ ಫೋಟೊ ತೆಗೆದು ಕಡತಕ್ಕೆ ಸೇರಿಸಿ.

ಇಷ್ಟು ಬದಲಾದ ಮೇಲೆ ಅದು ಅದೇ ಕಾರೇ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೂ ಹೋಗಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಕಾರು ಓಟವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯ ಹೆಚ್ಚಿನ ಭಾಗಗಳು ಕಾಲಕ್ರಮದಲ್ಲಿ ಬದಲಾಗಿದ್ದವು. ಆದರೂ ಅದು ಎಲ್ಲಿಯೂ ಕಣ್ಮರೆಯಾಗದೆ ನಿರಂತರವಾಗಿ ಬಾಳಿಬಂದಿದೆ, ಹಾಗಾಗಿ ಅದೇ ಕಾರು ಎಂದು ನ್ಯಾಯಾಧೀಶರು ಹೇಳಿದರು. ಆ ನಿರಂತರತೆಯನ್ನು ತೋರಿಸಿಕೊಟ್ಟದ್ದು ದಾಖಲೆಗಳು.

ನಮ್ಮಲ್ಲಿಯೂ 2021ರಿಂದ, 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆಯಾಗದ ವಾಹನಗಳಿಗೆ ವಿಂಟೇಜ್ ಎಂದು ಗುರುತಿಸುವ ‘ವಿಎ’ ಸರಣಿಯ ನೋಂದಣಿ ಬಂದಿದೆ. ಇಲ್ಲಿ ಮೊದಲೇ ನೋಂದಣಿಯಾದ ಕಾರಿನ ಅರ್ಜಿಗೆ ಹಳೆಯ ಆರ್‌ಸಿ ಲಗತ್ತಿಸಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥ ಪುಸ್ತಕ ಇರುವವರು ಈ ಸಭೆಯಲ್ಲಿ ಇದ್ದರೆ, ಕಾರು ಹೋಗಿ ಎಷ್ಟೇ ವರ್ಷವಾಗಿರಲಿ, ದಯವಿಟ್ಟು ನನ್ನನ್ನು ಕಾಣಿ. ಅದರ ಇಂದಿನ ಮಾಲೀಕರು ಎಲ್ಲಿದ್ದಾರೆಂದು ಇಬ್ಬರೂ ಸೇರಿ ಹುಡುಕೋಣ.